ತಗ್ಗಿನ ರಸ್ತೆ, ಹಳೆಯ ಕಾರು, ಸವೆದ ಬುಷ್

ಕಲಬುರಗಿ ಜಿಲ್ಲೆಯ ಚಿತ್ತಾಪುರ, ಸೇಡಂ, ವಾಡಿ, ಶಹಾಬಾದ ಹಾಗೂ ಚಿಂಚೋಳಿಗಳನ್ನು ಒಂದಕ್ಕೊಂದು ಜೋಡಿಸುವ ರಸ್ತೆಗಳು ಮೇಲಿನಿಂದಲೂ ಕೆಳಗಿನಿಂದಲೂ ಪೆಟ್ಟು ತಿನ್ನುತ್ತವೆ. ಕೆಳಗಿರುವುದು ಎರೆ ಮಣ್ಣು. ಅದರಲ್ಲಿರುವ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜವು ಮಳೆಗಾಲದಲ್ಲಿ ನೀರು ಹೀರಿ ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಕುಗ್ಗಿ ಬಿರುಕು ಬಿಡುತ್ತದೆ, ಹೀಗಾಗಿ ಅದರ ಮೇಲೆ ಹಾಸಿದ ಡಾಂಬರು ವರ್ಷ ತುಂಬುವುದರೊಳಗೆ ಅಲೆಅಲೆಯಾಗುತ್ತದೆ. ಮೇಲಿನ ಭಾರ ಲಾರಿಗಳದ್ದು. ಭೂವಿಜ್ಞಾನಿಗಳು ಭೀಮಾ ಶಿಲಾಸಮೂಹ ಎಂದು ಕರೆಯುವ ಸುಣ್ಣಕಲ್ಲಿನ ಪದರಗಳು ಈ ಸೀಮೆಯ ನೆಲದಡಿ ಹಾಸಿಕೊಂಡಿರುವುದರಿಂದಲೇ ವಾಡಿ, ಮಳಖೇಡ, ಸೇಡಂಗಳಲ್ಲಿ ಸಿಮೆಂಟು ಕಾರ್ಖಾನೆಗಳು ಬಂದವು, ಶಹಾಬಾದದ ಹಾಸುಗಲ್ಲು ನಾಡಿನಾಚೆಗೂ ಹೆಸರಾಯಿತು. ಆ ಕಲ್ಲನ್ನೂ ಸಿಮೆಂಟನ್ನೂ ಹೊತ್ತ ಲಾರಿಗಳು ಹಗಲಿರುಳು ಓಡಾಡುವ ದಾರಿಯಲ್ಲಿ ತಗ್ಗು ಬೀಳದೆ ಇರುವುದು ಹೇಗೆ?

ಇಂಥ ರಸ್ತೆಯ ಪೆಟ್ಟನ್ನು ಕಾರಿನಲ್ಲಿ ಮೊದಲು ಟೈರು, ಆಮೇಲೆ ಸ್ಪ್ರಿಂಗು, ಅದರ ನಂತರ ಊರಿನ ಗ್ಯಾರೇಜುಗಳಲ್ಲಿ ಶಾಕಪ್ ಎಂದೇ ಕರೆಯಲಾಗುವ ಶಾಕ್ ಅಬ್ಸಾರ್ಬರ್ ತಡೆದುಕೊಳ್ಳುತ್ತವೆ ಎಂಬುದು ಸಾಮಾನ್ಯ ತಿಳಿವಳಿಕೆ. ಇದು ತಪ್ಪಲ್ಲ, ಆದರೆ ಅರ್ಧ ಮಾತ್ರ ಸರಿ. ಚಕ್ರವನ್ನು ಕಾರಿನ ದೇಹಕ್ಕೆ ಕೂಡಿಸುವ ಕಬ್ಬಿಣದ ತೋಳುಗಳು, ಸರಳುಗಳು, ಪಾಟಾ ಎಂದು ಕರೆಯುವ ಪಟ್ಟಿ ಸ್ಪ್ರಿಂಗುಗಳು ದೇಹಕ್ಕೆ ಸೇರುವಲ್ಲಿ ನೇರವಾಗಿ ಕಬ್ಬಿಣಕ್ಕೆ ಕಬ್ಬಿಣ ತಾಗುವಂತೆ ಕೂತಿರುವುದಿಲ್ಲ. ಅಂಥ ಕೀಲುಗಳಲ್ಲಿ ಅವುಗಳ ನಡುವೆ ಒಂದು ರಬ್ಬರಿನ ತುಂಡು ಇರುತ್ತದೆ. ಇದೇ ಬುಷ್. ಅಂಗೈಯಲ್ಲಿ ಹಿಡಿಸುವ, ಹಳೆಯ ಸಣ್ಣ ಕಾರುಗಳ ಮಟ್ಟಿಗೆ ಕೆಲವು ನೂರು ರೂಪಾಯಿಗೆ ಸಿಗುವ ಈ ವಸ್ತು ಸವೆದಾಗ ಕಾರಿನ ನಡಿಗೆಯೇ ಕೆಡುತ್ತದೆ, ಆದರೆ ದೂರು ಮಾತ್ರ ಬಹುಮಟ್ಟಿಗೆ ಶಾಕ್ ಅಬ್ಸಾರ್ಬರಿನ ಮೇಲೆ ಬೀಳುತ್ತದೆ. ಸಾವಿರಾರು ರೂಪಾಯಿ ಕೊಟ್ಟು ಅದನ್ನು ಬದಲಿಸಿದ ಮೇಲೂ ಸದ್ದು ನಿಲ್ಲದಿರುವುದು ಅಪರೂಪವಲ್ಲ.

ಈ ಭಾಗದಲ್ಲಿ ಕೆಎ 32 ಸಂಖ್ಯೆಯ ಹಳೆಯ ಕಾರುಗಳಿಗೆ ಇನ್ನೂ ಆಯಸ್ಸು ಉಳಿದಿದೆ. 1983ರ ಕೊನೆಯಲ್ಲಿ ಬಂದು 2014ರ ಆರಂಭದವರೆಗೆ ತಯಾರಾದ ಮಾರುತಿ 800, 1984ರಿಂದ 2019ರವರೆಗೆ ನಡೆದ ಓಮ್ನಿ, 1998ರ ಇಂಡಿಕಾ, 2000ದ ಆಲ್ಟೊ ಮತ್ತು ಬೊಲೆರೊ ಇವೆಲ್ಲ ಇಂದಿಗೂ ತೊಗರಿಯ ಚೀಲ ಹೊರುವುದರಿಂದ ಹಿಡಿದು ಮದುವೆಯ ದಿಬ್ಬಣದವರೆಗೆ ದುಡಿಯುತ್ತವೆ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ವಾಹನವನ್ನು ತಪಾಸಣೆಗೆ ಒಪ್ಪಿಸಿ ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಬೇಕು; ಆ ತಪಾಸಣೆಗೆ ಮುನ್ನ ಕೀಲುಗಳ ಸಡಿಲನ್ನು ಸರಿಪಡಿಸಿಕೊಳ್ಳುವುದು ಮಾಲೀಕರಿಗೇ ಒಳ್ಳೆಯದು. ಯಂತ್ರಗಳ ಪರಿಚಯವಿರುವ, ಪಾನಾ ಹಿಡಿದು ಅಭ್ಯಾಸವಿರುವ ವ್ಯಕ್ತಿಯು ಮನೆಯಂಗಳದಲ್ಲಿ ಮಾಡಿಕೊಳ್ಳಬಹುದಾದ ಕೆಲಸಗಳಲ್ಲಿ ಬುಷ್ ಬದಲಾವಣೆಯೂ ಒಂದು, ಆದರೆ ಅದಕ್ಕೆ ಕೈಬಲಕ್ಕಿಂತ ಮೊದಲು ಬುಷ್ ಹೇಗೆ ಕೆಲಸ ಮಾಡುತ್ತದೆ ಎಂಬ ತಿಳಿವಳಿಕೆ ಬೇಕು.

ಎತ್ತಿನ ಗಾಡಿಯ ಅಚ್ಚಿಗೆ ಕೀಲೆಣ್ಣೆ ಹಾಕುವುದು ಈ ಸೀಮೆಯ ಒಕ್ಕಲುತನಕ್ಕೆ ಹಳೆಯ ಪಾಠ: ಒಂದು ಗಟ್ಟಿ ವಸ್ತು ಇನ್ನೊಂದರೊಳಗೆ ಉಜ್ಜಿಕೊಂಡು ತಿರುಗುವಲ್ಲಿ ನಡುವೆ ಜಿಡ್ಡು ಇರಲೇಬೇಕು. ಮೋಟಾರು ವಾಹನಗಳ ಮೊದಲ ತಲೆಮಾರಿನಲ್ಲಿಯೂ ಇದೇ ಕ್ರಮವಿತ್ತು. ಸಸ್ಪೆನ್ಷನ್ ಕೀಲುಗಳಲ್ಲಿ ಹಿತ್ತಾಳೆ ಅಥವಾ ಕಂಚಿನ ಕೊಳವೆಗಳನ್ನು ಕೂರಿಸಿ, ಗ್ರೀಸ್ ನಿಪ್ಪಲ್ ಎಂಬ ಸಣ್ಣ ಮೊಲೆಗಳ ಮೂಲಕ ಆಗಾಗ ಗ್ರೀಸ್ ತುಂಬಬೇಕಿತ್ತು. ರಬ್ಬರ್ ಬುಷ್ ಈ ಪಾಠವನ್ನೇ ತಿರುವುಹಾಕಿತು. ಕಾರುಗಳಲ್ಲಿ ಹೆಚ್ಚಾಗಿ ಕಾಣುವ ಬಗೆಯಲ್ಲಿ ಒಂದು ಸಣ್ಣ ಉಕ್ಕಿನ ಕೊಳವೆ, ಅದರ ಸುತ್ತ ರಬ್ಬರ್, ಅದರ ಹೊರಗೆ ಇನ್ನೊಂದು ಉಕ್ಕಿನ ಕೊಳವೆ ಇರುತ್ತವೆ, ಮತ್ತು ರಬ್ಬರು ಎರಡೂ ಕೊಳವೆಗಳಿಗೆ ಕಾರ್ಖಾನೆಯಲ್ಲಿಯೇ ಬಿಡಿಸಲಾರದಂತೆ ಅಂಟಿರುತ್ತದೆ. ಹೊರಗಿನ ಕೊಳವೆಯನ್ನು ಸಸ್ಪೆನ್ಷನ್ ತೋಳಿನ ರಂಧ್ರದಲ್ಲಿ ಬಿಗಿಯಾಗಿ ತುರುಕಿರುತ್ತಾರೆ. ಒಳಗಿನ ಕೊಳವೆಯ ಮೂಲಕ ಬೋಲ್ಟು ಹಾದುಹೋಗಿ, ಅದರ ನಟ್ಟನ್ನು ಬಿಗಿದಾಗ ಕಾರಿನ ದೇಹದ ಎರಡು ಕಿವಿಗಳ ನಡುವೆ ಆ ಕೊಳವೆ ಅಲುಗದಂತೆ ಸಿಕ್ಕಿಕೊಳ್ಳುತ್ತದೆ. ಅಂದರೆ ಒಳಗಿನದು ದೇಹಕ್ಕೆ ಕಚ್ಚಿದೆ, ಹೊರಗಿನದು ತೋಳಿಗೆ ಕಚ್ಚಿದೆ, ಯಾವುದೂ ಯಾವುದರ ಮೇಲೂ ಜಾರುವುದಿಲ್ಲ. ಚಕ್ರ ಮೇಲೆ ಕೆಳಗೆ ಆಡಿದಾಗ ತೋಳು ತೂಗುತ್ತದಲ್ಲ, ಆ ಚಲನೆಯಷ್ಟನ್ನೂ ನಡುವಿನ ರಬ್ಬರು ತಾನು ತಿರುಚಿಕೊಂಡು ಕೊಡುತ್ತದೆ, ಒತ್ತಡ ಹೋದೊಡನೆ ಮತ್ತೆ ನೇರವಾಗುತ್ತದೆ.

ಬುಷ್ ತಿರುಗುವುದಿಲ್ಲ, ತಿರುಚಿಕೊಳ್ಳುತ್ತದೆ. ಅದು ಯಾಕೆ ಕೆಡುತ್ತದೆ, ಅದಕ್ಕೆ ಎಣ್ಣೆ ಯಾಕೆ ಹಾಕಬಾರದು, ಬೋಲ್ಟನ್ನು ಯಾವಾಗ ಬಿಗಿಯಬೇಕು ಎಂಬ ಪ್ರಶ್ನೆಗಳಿಗೆಲ್ಲ ಉತ್ತರ ಇಷ್ಟರಲ್ಲಿಯೇ ಇದೆ, ಮನೆಯಲ್ಲಿಯೂ ರಸ್ತೆ ಬದಿಯ ಗ್ಯಾರೇಜಿನಲ್ಲಿಯೂ ಹಾಕಿದ ಹೊಸ ಬುಷ್ಷುಗಳು ಬೇಗ ಹಾಳಾಗುವುದಕ್ಕೆ ಇದನ್ನು ಮರೆಯುವುದೇ ಮುಖ್ಯ ಕಾರಣ.

ರಬ್ಬರಿಗೆ ಹೀಗೆ ತಿರುಚಿಕೊಂಡು ಮರಳುವ ಗುಣ ಹುಟ್ಟಿನಿಂದ ಬಂದದ್ದಲ್ಲ. ಮರದ ಹಾಲಿನಿಂದ ತೆಗೆದ ಕಚ್ಚಾ ರಬ್ಬರು ಬಿಸಿಲಿಗೆ ಅಂಟಾಗುತ್ತದೆ, ಚಳಿಗೆ ಸೆಡೆಯುತ್ತದೆ. 1839ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ಅದನ್ನು ಗಂಧಕದೊಡನೆ ಕಾಯಿಸಿದರೆ ಗಟ್ಟಿಯೂ ಪುಟಿಯುವಂಥದೂ ಆಗುತ್ತದೆಂದು ಕಂಡುಕೊಂಡು 1844ರಲ್ಲಿ ಪೇಟೆಂಟ್ ಪಡೆದ ಮೇಲಷ್ಟೇ ಅದು ಯಂತ್ರದ ಕೆಲಸಕ್ಕೆ ಬಂತು. ಸುಳ್ಯ, ಪುತ್ತೂರಿನ ಕಡೆ ಬೆಳೆಯುವ ನೈಸರ್ಗಿಕ ರಬ್ಬರಿನಂಥದ್ದಕ್ಕೇ ಗಂಧಕ, ಮಸಿಪುಡಿ ಮತ್ತು ಹಳತಾಗುವುದನ್ನು ತಡೆಯುವ ರಾಸಾಯನಿಕಗಳನ್ನು ಬೆರೆಸಿ ಬುಷ್ಷಿಗೆ ಬೇಕಾದ ಹದಕ್ಕೆ ತರುತ್ತಾರೆ. ಗಂಧಕವು ರಬ್ಬರಿನ ಉದ್ದನೆಯ ಅಣುಸರಪಳಿಗಳ ನಡುವೆ ಕಟ್ಟಿದ ಸೇತುವೆಗಳೇ ಅದರ ಬಲ. ಆ ಸೇತುವೆಗಳು ಮುರಿದರೆ ರಬ್ಬರು ಮೆತ್ತಗಾಗುತ್ತದೆ, ಅತಿಯಾದರೆ ಗಡುಸಾಗಿ ಸೀಳುತ್ತದೆ.

ಕಲಬುರಗಿ ಜಿಲ್ಲೆಯ ಹವೆ ರಬ್ಬರಿಗೆ ಅನುಕೂಲವಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ನೆರಳಿನಲ್ಲಿಯೇ 42 ಡಿಗ್ರಿ ದಾಟುವುದು ಇಲ್ಲಿ ಸಾಮಾನ್ಯ, ಡಾಂಬರಿನ ಮೇಲ್ಮೈ ಅದಕ್ಕಿಂತ ಬಹಳ ಹೆಚ್ಚು ಕಾದಿರುತ್ತದೆ, ಎಂಜಿನ್ನು ಮತ್ತು ಸೈಲೆನ್ಸರಿನ ಬಿಸಿ ಬೇರೆ. ಉಷ್ಣತೆ 10 ಡಿಗ್ರಿ ಏರಿದರೆ ರಬ್ಬರು ಹಳತಾಗುವ ವೇಗ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ ಎಂಬುದು ತಂತ್ರಜ್ಞರ ಸ್ಥೂಲ ಲೆಕ್ಕ. ಗಾಳಿಯಲ್ಲಿ ಅಲ್ಪ ಪ್ರಮಾಣದಲ್ಲಿರುವ ಓಜೋನ್ ಅನಿಲವು ಹಿಗ್ಗಿ ನಿಂತ ರಬ್ಬರಿನ ಮೇಲ್ಮೈಯನ್ನು ಕಡಿದು, ಹಿಗ್ಗಿದ ದಿಕ್ಕಿಗೆ ಅಡ್ಡಲಾಗಿ ಸಣ್ಣ ಬಿರುಕುಗಳನ್ನು ಮೂಡಿಸುತ್ತದೆ. ಎಂಜಿನ್ ಆಯಿಲ್, ಡೀಸೆಲ್, ಗ್ರೀಸ್ ಇವು ಇನ್ನೂ ಕೆಟ್ಟವು. ನೈಸರ್ಗಿಕ ರಬ್ಬರು ಖನಿಜ ಎಣ್ಣೆಯನ್ನು ಹೀರಿಕೊಂಡು ಉಬ್ಬಿ ಅಂಬಲಿಯಂತಾಗುತ್ತದೆ. ಕಿರ್ರೆನ್ನುವ ಬುಷ್ಷಿಗೆ ಹಳೆಯ ಆಯಿಲ್ ಸುರಿದರೆ ಸದ್ದು ಒಂದೆರಡು ದಿನ ಅಡಗುವುದು ನಿಜ, ಬುಷ್ಷಿನ ಆಯಸ್ಸೂ ಅದರೊಡನೆ ಕರಗುತ್ತದೆ. ಸಿಮೆಂಟು ಕಾರ್ಖಾನೆಗಳ ಸುತ್ತಮುತ್ತ ಓಡುವ ಕಾರಿಗೆ ಮತ್ತೊಂದು ಕಾಟವಿದೆ: ಗಾಡಿಯಡಿ ಕೂತ ಸಿಮೆಂಟು, ಸುಣ್ಣದ ಧೂಳು ಮಳೆಯ ನೀರಿಗೆ ಗಟ್ಟಿಯಾಗಿ ಬೋಲ್ಟಿನ ಗೀರುಗಳಲ್ಲಿ ಹೆಪ್ಪುಗಟ್ಟುತ್ತದೆ, ಬಿಚ್ಚುವಾಗ ಅದರ ಬೆಲೆ ತಿಳಿಯುತ್ತದೆ.

ರೋಗ ಪತ್ತೆಹಚ್ಚುವುದೇ ಈ ಕೆಲಸದ ಕಷ್ಟದ ಭಾಗ, ಏಕೆಂದರೆ ಕಾರಿನಡಿಯ ಸದ್ದುಗಳು ಒಂದರಂತೊಂದು ಕೇಳುತ್ತವೆ. ಸವೆದ ಬುಷ್ ಸಾಮಾನ್ಯವಾಗಿ ಮಂದವಾದ ಧಡ್ ಎಂಬ ಪೆಟ್ಟಿನ ಸದ್ದು ಮಾಡುತ್ತದೆ, ಅದು ಸಣ್ಣ ತಗ್ಗುಗಳಲ್ಲಿ, ಬ್ರೇಕ್ ಒತ್ತಿದ ಕ್ಷಣದಲ್ಲಿ, ಅಥವಾ ರಿವರ್ಸಿನಿಂದ ಮುಂದಿನ ಗೇರಿಗೆ ಬದಲಿಸಿ ಹೊರಟಾಗ ಹೆಚ್ಚು ಕೇಳಿಸುತ್ತದೆ. ಒಣಗಿ ಗಡುಸಾದ ಬುಷ್ ಕಿರುಗುಟ್ಟುತ್ತದೆ. ಚುರುಕಾದ ಕಟಕಟ ಸದ್ದು ಬಾಲ್ ಜಾಯಿಂಟಿನದೋ ಸ್ಟೆಬಿಲೈಸರ್ ಬಾರಿನ ಕೊಂಡಿಯದೋ ಇರುವ ಸಾಧ್ಯತೆ ಹೆಚ್ಚು. ಬಾಲ್ ಜಾಯಿಂಟ್ ಎಂದರೆ ಬಟ್ಟಲಿನೊಳಗೆ ಗುಂಡು ಕೂತಿರುವ ಕೀಲು, ಚಕ್ರವು ಸ್ಟೇರಿಂಗಿಗೆ ತಿರುಗುವುದೂ ಮೇಲೆ ಕೆಳಗೆ ಆಡುವುದೂ ಅದರಿಂದ; ಅದು ಕಳಚಿಕೊಂಡರೆ ಚಕ್ರವೇ ಮಗುಚಿಬೀಳುವುದರಿಂದ ಅದರಲ್ಲಿ ಆಟ ಕಂಡರೆ ಬುಷ್ಷಿನ ಚಿಂತೆ ಬದಿಗಿಟ್ಟು ಅದನ್ನೇ ಮೊದಲು ಬದಲಿಸಬೇಕು.

ಸದ್ದಿಗಿಂತ ನಂಬಬಹುದಾದ ಸಾಕ್ಷಿ ಕಾರಿನ ನಡಿಗೆ. ನೇರ ರಸ್ತೆಯಲ್ಲಿ ಬ್ರೇಕ್ ಹಾಕಿದಾಗ ಗಾಡಿ ಒಂದು ಕಡೆಗೆ ಎಳೆದು, ಬ್ರೇಕ್ ಬಿಟ್ಟಾಗ ಸರಿಹೋದರೆ, ಆ ಕಡೆಯ ಚಕ್ರದ ತೋಳು ಹಿಂದೆ ಸರಿಯುತ್ತಿದೆ ಎಂಬ ಅನುಮಾನಕ್ಕೆ ಆಧಾರವಿದೆ, ಬ್ರೇಕಿನ ದೋಷವೂ ಹೀಗೇ ತೋರಬಹುದಾದರೂ. ಟೈರಿನ ಒಂದು ಅಂಚು ಮಾತ್ರ ಸವೆಯುವುದು, ಅಲೈನ್‌ಮೆಂಟ್ ಮಾಡಿಸಿದ ಕೆಲವೇ ವಾರಗಳಲ್ಲಿ ಮತ್ತೆ ತಪ್ಪುವುದು, ಲಾರಿಗಳು ಕೊರೆದ ಗಾಡಿಜಾಡಿನಲ್ಲಿ ಸ್ಟೇರಿಂಗು ತಾನಾಗಿ ಅಲೆದಾಡುವುದು ಇವೂ ಅದೇ ದಿಕ್ಕಿಗೆ ಬೆರಳು ತೋರಿಸುತ್ತವೆ. ಕೊನೆಯ ತೀರ್ಮಾನ ಕಣ್ಣಿನದು: ಕಾರನ್ನು ಭದ್ರವಾಗಿ ಎತ್ತಿ ನಿಲ್ಲಿಸಿ, ತೋಳು ಮತ್ತು ದೇಹದ ನಡುವೆ ಸಣ್ಣ ಹಾರೆಯನ್ನೋ ಉದ್ದನೆಯ ಟೈರ್ ಲಿವರನ್ನೋ ಇಟ್ಟು ಮೆಲ್ಲಗೆ ಮೀಟಿದಾಗ ರಬ್ಬರು ಸ್ವಲ್ಪ ಬಗ್ಗಿ ಮರಳುವುದು ಸಹಜ, ಸೀಳು ಬಾಯ್ದೆರೆದರೆ, ಒಳಗಿನ ಕೊಳವೆ ನಡುವಿನಿಂದ ಒಂದು ಬದಿಗೆ ಸರಿದು ಕೂತಿದ್ದರೆ, ಕಬ್ಬಿಣಕ್ಕೆ ಕಬ್ಬಿಣ ತಾಗಿದ ಹೊಳಪಿನ ಗುರುತು ಕಂಡರೆ ಆ ಬುಷ್ಷಿನ ಕಾಲ ಮುಗಿದಿದೆ. ಮೇಲ್ಮೈಯಲ್ಲಿ ಕೂದಲೆಳೆಯಂಥ ಬಿರುಕು ಮಾತ್ರ ಇದ್ದರೆ ಅದು ಇನ್ನೂ ಕೆಲವು ಸಾವಿರ ಕಿಲೋಮೀಟರ್ ನಡೆಯಬಲ್ಲದು. ಅಷ್ಟಕ್ಕೇ ಎಲ್ಲವನ್ನೂ ಬದಲಿಸಿ ಎಂದು ಹೇಳುವವರ ಮಾತು ಅವಸರದ್ದು.

ಯಾವ ಬುಷ್ ಎಲ್ಲಿದೆ ಎಂಬುದು ಮಾದರಿಯಿಂದ ಮಾದರಿಗೆ ಬದಲಾಗುತ್ತದೆ. ಮಾರುತಿ 800, ಆಲ್ಟೊಗಳಂಥ ಕಾರುಗಳ ಮುಂಭಾಗದಲ್ಲಿರುವುದು ಅರ್ಲ್ ಮ್ಯಾಕ್‌ಫರ್ಸನ್ ಎಂಬ ಅಮೆರಿಕದ ಎಂಜಿನಿಯರ್ 1940ರ ದಶಕದಲ್ಲಿ ರೂಪಿಸಿದ ಬಗೆ: ಸ್ಪ್ರಿಂಗು ಮತ್ತು ಶಾಕ್ ಅಬ್ಸಾರ್ಬರ್ ಒಂದೇ ಕಂಬದಲ್ಲಿ ಸೇರಿದ್ದು, ಕೆಳಗೆ ಚಕ್ರವನ್ನು ಹಿಡಿಯಲು ಒಂದು ತೋಳು, ಅದೇ ಲೋವರ್ ಆರ್ಮ್. ಮಾರುತಿ 800ರಲ್ಲಿ ಈ ತೋಳು ದೇಹಕ್ಕೆ ಒಂದೇ ಬುಷ್ಷಿನಿಂದ ಜೋಡಿಸಲ್ಪಟ್ಟ ಸರಳ ಪಟ್ಟಿ, ಆದ್ದರಿಂದ ಅದು ಚಕ್ರವನ್ನು ಅಡ್ಡ ದಿಕ್ಕಿನಲ್ಲಿ ಮಾತ್ರ ತಡೆಯಬಲ್ಲದು. ಹಿಂದೆ ಮುಂದೆ ಸರಿಯದಂತೆ ಹಿಡಿಯುವ ಕೆಲಸವನ್ನು ಸ್ಟೆಬಿಲೈಸರ್ ಬಾರ್ ವಹಿಸಿಕೊಂಡಿದೆ. ಈ ಬಾರ್ ಎಂದರೆ ಎಡಬಲದ ತೋಳುಗಳನ್ನು ಕೂಡಿಸುವ ಬಾಗಿದ ಉಕ್ಕಿನ ಸರಳು, ತಿರುವಿನಲ್ಲಿ ಕಾರು ಒಂದು ಬದಿಗೆ ವಾಲುವುದನ್ನು ತಗ್ಗಿಸುವುದು ಅದರ ಹೆಸರಾಂತ ಕೆಲಸ. ಹೀಗೆ ಒಂದೇ ಸರಳಿಗೆ ಎರಡು ದುಡಿಮೆ ಹೊರಿಸಿದ್ದರಿಂದ ಕಾರು ಹಗುರವೂ ಅಗ್ಗವೂ ಆಯಿತು, ಆದರೆ ಅದರ ತುದಿಯ ರಬ್ಬರುಗಳು ಸವೆದಾಗ ಚಕ್ರವೇ ಬ್ರೇಕಿಗೆ ಹಿಂದೆ ಸರಿಯುತ್ತದೆ. ಹಳೆಯ 800 ಬ್ರೇಕಿಗೆ ಪಕ್ಕಕ್ಕೆ ಎಳೆಯುತ್ತಿದ್ದರೆ ಮೊದಲು ನೋಡಬೇಕಾದ ಜಾಗಗಳಲ್ಲಿ ಇದೊಂದು, ಮತ್ತು ಬದಲಿಸಲು ಒತ್ತುವ ಯಂತ್ರವಾದ ಪ್ರೆಸ್ ಬೇಡದಿರುವುದರಿಂದ ಮನೆಯಲ್ಲಿ ಕೈಯಿಡುವವರಿಗೆ ಇದೇ ಒಳ್ಳೆಯ ಆರಂಭ.

ಬಿಡಿಭಾಗವನ್ನು ಕಲಬುರಗಿಯಿಂದಲೋ, ಸೇಡಂ, ಚಿಂಚೋಳಿಯವರಾದರೆ ಗಡಿಯಾಚೆಯ ಹೈದರಾಬಾದಿನಿಂದಲೋ ತರಿಸುವಾಗ ಕಾರಿನ ಮಾದರಿ ಮತ್ತು ತಯಾರಾದ ವರ್ಷ ಹೇಳಿ, ಸಾಧ್ಯವಾದರೆ ಹಳೆಯದನ್ನು ತೋರಿಸಿ ಕೊಳ್ಳುವುದು ಮೇಲು. ಅಗ್ಗದ ನಕಲಿ ಬುಷ್ಷುಗಳಲ್ಲಿ ರಬ್ಬರು ಕೊಳವೆಗೆ ಸರಿಯಾಗಿ ಅಂಟಿರುವುದಿಲ್ಲ, ಕಣ್ಣಿಗೆ ಇದು ಕಾಣುವುದೂ ಇಲ್ಲ. ಉಳಿಯುವ ಹಣ ಇಷ್ಟು ಕಡಿಮೆಯಿರುವಲ್ಲಿ ನಕಲಿಗೆ ಹೋಗುವುದು ಲೆಕ್ಕಕ್ಕೆ ಹೊಂದುವುದಿಲ್ಲ. ಎಡಬಲ ಎರಡನ್ನೂ ಒಟ್ಟಿಗೆ ಬದಲಿಸಬೇಕು, ಇಲ್ಲವಾದರೆ ಒಂದು ಬದಿ ಗಟ್ಟಿ, ಇನ್ನೊಂದು ಬದಿ ಮೆತ್ತಗಾಗಿ ಕಾರು ಮತ್ತೆ ಎಳೆಯುತ್ತದೆ. ಬುಷ್ ಜೊತೆಗೆ ಹೊಸ ನಟ್ಟು, ಬೋಲ್ಟು, ಸ್ಪ್ಲಿಟ್ ಪಿನ್ನುಗಳನ್ನೂ ತಂದಿಟ್ಟುಕೊಳ್ಳುವುದು ಲೇಸು. ಬಂಡಿಯ ಕಡೆಗೀಲಿನ ಕೆಲಸವನ್ನೇ ಮಾಡುವ ಸ್ಪ್ಲಿಟ್ ಪಿನ್ನನ್ನು ಬಗ್ಗಿಸಿ ನೆಟ್ಟಗೆ ಮಾಡಿ ಎರಡನೆಯ ಸಲ ಬಳಸಬಾರದು.

ಕೆಲಸದ ಜಾಗದ ಬಗ್ಗೆ ಈ ಸೀಮೆಯಲ್ಲಿ ಪ್ರತ್ಯೇಕವಾಗಿ ಹೇಳಬೇಕಾದ ಮಾತೊಂದಿದೆ. ಇಲ್ಲಿನ ಬಹುತೇಕ ಅಂಗಳ, ಪಡಸಾಲೆಗಳಿಗೆ ಹಾಸಿರುವುದು ಶಹಾಬಾದದ ಪರ್ಸಿ ಕಲ್ಲು. ಪದರಪದರವಾಗಿ ಏಳುವ ಈ ಸುಣ್ಣಕಲ್ಲಿನ ಚಪ್ಪಡಿ ಕೆಳಗೆ ಪೂರ್ತಿ ಆಸರೆಯಿದ್ದಾಗ ಎಷ್ಟು ಭಾರವನ್ನಾದರೂ ಹೊರುತ್ತದೆ, ಆದರೆ ಅದರಡಿಯ ಮಣ್ಣು ಕುಗ್ಗಿ ಪೊಳ್ಳಾಗಿದ್ದರೆ ಜ್ಯಾಕಿನ ಸಣ್ಣ ಪಾದದ ಮೇಲೆ ಕೇಂದ್ರೀಕರಿಸಿದ ಭಾರಕ್ಕೆ ಫಕ್ಕನೆ ಒಡೆಯುತ್ತದೆ. ಎರೆ ಮಣ್ಣಿನ ಮೇಲೆ ಹಾಸಿದ ಪರ್ಸಿಯಲ್ಲಿ ಇಂಥ ಪೊಳ್ಳು ಸಾಮಾನ್ಯ. ಕೋಲಿನಿಂದ ತಟ್ಟಿ ಪೊಳ್ಳು ಸದ್ದು ಬರುವ ಕಲ್ಲನ್ನು ಬಿಟ್ಟು, ಜ್ಯಾಕಿನ ಕೆಳಗೂ ಸ್ಟ್ಯಾಂಡಿನ ಕೆಳಗೂ ದಪ್ಪನೆಯ ಅಗಲವಾದ ಮರದ ಹಲಗೆ ಹಾಕಿ ಭಾರವನ್ನು ಹರಡಬೇಕು. ಸ್ಟ್ಯಾಂಡ್ ಎಂದರೆ ಎತ್ತರ ಹೊಂದಿಸಿ ಕೀಲು ಹಾಕಬಹುದಾದ ಉಕ್ಕಿನ ಆಸರೆ, ಅದಿಲ್ಲದೆ ಬರೀ ಜ್ಯಾಕಿನ ಮೇಲೆ ನಿಂತ ಕಾರಿನಡಿ ತಲೆ, ಕೈ, ಕಾಲು ಯಾವುದನ್ನೂ ಇಡಕೂಡದು. ಇಟ್ಟಿಗೆ, ಸಿಮೆಂಟಿನ ಪೊಳ್ಳು ಬ್ಲಾಕು, ಒಂದರ ಮೇಲೊಂದು ಪೇರಿಸಿದ ಪರ್ಸಿ ತುಂಡುಗಳು ಇವು ಯಾವುವೂ ಸ್ಟ್ಯಾಂಡಿನ ಬದಲಿಗಲ್ಲ, ಏಕೆಂದರೆ ಅವು ಬಿರಿಯುವ ಮುನ್ನ ಬಾಗಿ ಎಚ್ಚರಿಕೆ ಕೊಡುವುದಿಲ್ಲ. ನೆಲದ ಮೇಲಿರುವ ಚಕ್ರಗಳಿಗೆ ಎರಡೂ ಕಡೆ ಒತ್ತುಗಲ್ಲು ಕೊಟ್ಟು, ಹ್ಯಾಂಡ್ ಬ್ರೇಕ್ ಎಳೆದು, ಗೇರಿನಲ್ಲಿ ನಿಲ್ಲಿಸುವುದು ಇದರ ಜೊತೆಗಿನ ಕಡ್ಡಾಯ.

ಲೋವರ್ ಆರ್ಮನ್ನು ಬಿಚ್ಚುವ ಕೆಲಸ ಹಿಂದಿನ ಸಂಜೆಯೇ ಶುರುವಾಗಬೇಕು. ಬೋಲ್ಟುಗಳ ಮೇಲಿನ ಗಟ್ಟಿ ಕೆಸರನ್ನು ತಂತಿ ಬ್ರಷ್ಷಿನಿಂದ ಉಜ್ಜಿ ತೆಗೆದು, ತುಕ್ಕು ಸಡಿಲಿಸುವ ತೆಳು ಎಣ್ಣೆಯನ್ನು ಗೀರುಗಳಿಗೆ ಬಿಟ್ಟು ರಾತ್ರಿ ಕಳೆಯಲು ಬಿಟ್ಟರೆ ಮರುದಿನ ಅರ್ಧ ಶ್ರಮ ಉಳಿಯುತ್ತದೆ. ಬದಲಿಸದ ಬುಷ್ಷುಗಳಿಗೆ ಆ ಎಣ್ಣೆ ತಾಗದಂತೆ ಬಟ್ಟೆ ಸುತ್ತಬೇಕು. ಚಕ್ರದ ನಟ್ಟುಗಳನ್ನು ಕಾರು ನೆಲದ ಮೇಲಿರುವಾಗಲೇ ಸ್ವಲ್ಪ ಸಡಿಲಿಸಿ, ಆಮೇಲೆ ಎತ್ತಿ, ಚಕ್ರ ತೆಗೆದು, ಬಾಲ್ ಜಾಯಿಂಟನ್ನು ಅದು ಕೂತಿರುವ ಕಬ್ಬಿಣದ ಗಂಟಿನಿಂದ ಬಿಡಿಸಿ, ಸ್ಟೆಬಿಲೈಸರ್ ಬಾರಿನ ತುದಿಯ ನಟ್ಟು ಕಳಚಿ, ಕೊನೆಗೆ ಬುಷ್ಷಿನ ಬೋಲ್ಟನ್ನು ಎಳೆದರೆ ತೋಳು ಕೈಗೆ ಬರುತ್ತದೆ. ಮುಂದಿನ ಎರಡೂ ಚಕ್ರಗಳನ್ನು ಒಂದೇ ಎತ್ತರಕ್ಕೆ ಎತ್ತಿದ್ದರೆ ಸ್ಟೆಬಿಲೈಸರ್ ಬಾರು ಸೆಟೆದುಕೊಳ್ಳದೆ ಸುಲಭವಾಗಿ ಬಿಡುತ್ತದೆ, ಒಂದನ್ನೇ ಎತ್ತಿದ್ದರೆ ಬಾರು ತಿರುಚಿಕೊಂಡಿದ್ದು ನಟ್ಟು ಕಳಚಿದೊಡನೆ ಪುಟಿಯುತ್ತದೆ. ತೋಳು ಹೊರಬಂದ ಮೇಲೆ ಚಕ್ರದ ಗಂಟು ಹಿಡಿತವಿಲ್ಲದೆ ಹೊರಕ್ಕೆ ತೂಗುತ್ತದೆ. ಅದನ್ನು ಹಾಗೇ ಬಿಟ್ಟರೆ ಬ್ರೇಕಿನ ಹೋಸ್ ಎಳೆದುಕೊಳ್ಳುವುದಲ್ಲದೆ, ಗೇರ್‌ಬಾಕ್ಸಿನಿಂದ ಚಕ್ರಕ್ಕೆ ಬರುವ ಆ್ಯಕ್ಸಲಿನ ಒಳಗಿನ ಕೀಲು ಕಳಚಿಕೊಳ್ಳುವ ಅಪಾಯವಿರುವುದರಿಂದ ತಂತಿಯಿಂದ ಕಟ್ಟಿ ನಿಲ್ಲಿಸಬೇಕು.

ಹಳೆಯ ಬುಷ್ಷನ್ನು ತೋಳಿನಿಂದ ಹೊರಹಾಕಲು ಗ್ಯಾರೇಜುಗಳಲ್ಲಿ ಹೈಡ್ರಾಲಿಕ್ ಪ್ರೆಸ್ ಇರುತ್ತದೆ. ಮನೆಯಲ್ಲಿ ಅದರ ಬದಲು ಉದ್ದನೆಯ ಗಟ್ಟಿ ಬೋಲ್ಟು, ಬುಷ್ಷಿಗಿಂತ ತುಸು ಅಗಲವಾದ ಪೈಪಿನ ತುಂಡು, ಬುಷ್ಷಿನ ಹೊರ ಕೊಳವೆಯಷ್ಟೇ ಅಗಲದ ಬಿಲ್ಲೆ ಮತ್ತು ದಪ್ಪ ವಾಷರುಗಳನ್ನು ಜೋಡಿಸಿ ಎಳೆಯುವ ಉಪಕರಣ ಮಾಡಿಕೊಳ್ಳಬಹುದು: ನಟ್ಟು ಬಿಗಿಯುತ್ತ ಹೋದಂತೆ ಬಿಲ್ಲೆ ಬುಷ್ಷನ್ನು ತಳ್ಳುತ್ತದೆ, ಅದು ಪೈಪಿನೊಳಗೆ ಹೊರಬೀಳುತ್ತದೆ. ಜಗ್ಗದಿದ್ದರೆ ರಬ್ಬರನ್ನು ಡ್ರಿಲ್ಲಿನಿಂದ ಕೊರೆದು ತೆಗೆದು, ಉಳಿದ ಹೊರ ಕೊಳವೆಯನ್ನು ಗರಗಸದ ಬ್ಲೇಡಿನಿಂದ ಉದ್ದಕ್ಕೆ ಸೀಳಿ, ಉಳಿಯಿಂದ ಒಳಕ್ಕೆ ಮಡಿಚಿದರೆ ಸಡಿಲವಾಗುತ್ತದೆ, ತೋಳಿನ ಕಬ್ಬಿಣಕ್ಕೆ ಬ್ಲೇಡು ತಾಗದಂತೆ ನೋಡಿಕೊಂಡರಾಯಿತು. ಗ್ಯಾಸ್ ಜ್ವಾಲೆಯಿಂದ ರಬ್ಬರು ಸುಡುವ ವಾಡಿಕೆ ಇದೆ, ಅದು ವಿಷದ ಹೊಗೆ ಎಬ್ಬಿಸುತ್ತದೆ, ಕೆಲವೊಮ್ಮೆ ಬುಷ್ ಸಿಡಿದು ಬೆಂಕಿಯ ಉಂಡೆಯಂತೆ ಹಾರುತ್ತದೆ. ಮನೆಯಂಗಳದಲ್ಲಿ ಅದಕ್ಕೆ ಎಡೆಕೊಡಬಾರದು.

ಹೊಸದನ್ನು ಕೂರಿಸುವಾಗ ತೋಳಿನ ರಂಧ್ರವನ್ನು ಉಜ್ಜುಕಾಗದದಿಂದ ನುಣುಪು ಮಾಡಿ, ಸೋಪಿನ ನೀರು ಸವರಿ, ಒತ್ತಡ ಸದಾ ಹೊರ ಕೊಳವೆಯ ಅಂಚಿನ ಮೇಲೆಯೇ ಬೀಳುವಂತೆ ತಳ್ಳಬೇಕು. ಒಳ ಕೊಳವೆಯನ್ನು ಒತ್ತಿದರೆ, ಅಥವಾ ಸುತ್ತಿಗೆಯಿಂದ ನಡುವೆ ಬಡಿದರೆ, ರಬ್ಬರಿನ ಅಂಟು ಕಿತ್ತು ಬುಷ್ ಹಾಕುವ ಮುನ್ನವೇ ಸಾಯುತ್ತದೆ. ಬುಷ್ಷನ್ನು ಫ್ರಿಜ್ಜಿನ ಹಿಮದ ಅರೆಯಲ್ಲಿಟ್ಟು ಕುಗ್ಗಿಸುವ ಉಪಾಯವನ್ನು ಹಲವರು ಹೇಳುತ್ತಾರೆ; ಲೆಕ್ಕ ಹಾಕಿ ನೋಡಿದರೆ 40 ಮಿಲಿಮೀಟರ್ ಅಗಲದ ಉಕ್ಕಿನ ಕೊಳವೆ 60 ಡಿಗ್ರಿ ತಣಿದಾಗ ಕುಗ್ಗುವುದು ಮಿಲಿಮೀಟರಿನ ನೂರರಲ್ಲಿ ಮೂರು ಪಾಲು ಮಾತ್ರ, ಹಾಗಾಗಿ ಅದರಿಂದ ನಷ್ಟವಿಲ್ಲ, ಪವಾಡವೂ ಇಲ್ಲ. ಕೆಲವು ಬುಷ್ಷುಗಳ ರಬ್ಬರಿನಲ್ಲಿ ಅರ್ಧಚಂದ್ರಾಕಾರದ ಖಾಲಿ ಜಾಗಗಳಿರುತ್ತವೆ, ಅವು ಒಂದು ದಿಕ್ಕಿನಲ್ಲಿ ಮೆತ್ತಗೆ, ಇನ್ನೊಂದು ದಿಕ್ಕಿನಲ್ಲಿ ಗಟ್ಟಿಯಾಗಿರಲೆಂದು ಬೇಕೆಂದೇ ಬಿಟ್ಟವು, ಆದ್ದರಿಂದ ಹಳೆಯದನ್ನು ತೆಗೆಯುವ ಮುನ್ನ ಅದರ ದಿಕ್ಕನ್ನು ತೋಳಿನ ಮೇಲೆ ಗುರುತು ಹಾಕಿಕೊಳ್ಳಬೇಕು. ಈ ಹಂತ ಕೈಲಾಗದೆನಿಸಿದರೆ ತೋಳನ್ನು ಮಾತ್ರ ಲೇಥ್ ಅಂಗಡಿಗೆ ಒಯ್ದು ಪ್ರೆಸ್ ಮಾಡಿಸಿ ತರುವುದರಲ್ಲಿ ಅವಮಾನವೇನಿಲ್ಲ.

ತೋಳನ್ನು ಮರಳಿ ಜೋಡಿಸಿದ ಮೇಲೆ ಬರುವ ಐದು ನಿಮಿಷದ ಕೆಲಸದಲ್ಲಿಯೇ ಹೊಸ ಬುಷ್ಷಿನ ಹಣೆಬರಹ ನಿರ್ಧಾರವಾಗುತ್ತದೆ. ಕಾರು ಸ್ಟ್ಯಾಂಡಿನ ಮೇಲಿರುವಾಗ ಚಕ್ರಕ್ಕೆ ಭಾರವಿಲ್ಲದ ಕಾರಣ ತೋಳು ಕೆಳಕ್ಕೆ ಜೋತುಬಿದ್ದಿರುತ್ತದೆ. ಆ ಸ್ಥಿತಿಯಲ್ಲಿಯೇ ಬುಷ್ಷಿನ ಬೋಲ್ಟನ್ನು ಪೂರ್ತಿ ಬಿಗಿದರೆ ಒಳ ಕೊಳವೆಯು ಜೋತುಬಿದ್ದ ಕೋನದಲ್ಲಿ ದೇಹಕ್ಕೆ ಕಚ್ಚಿಕೊಳ್ಳುತ್ತದೆ, ಅಂದರೆ ರಬ್ಬರಿಗೆ ಜೋತುಬಿದ್ದದ್ದೇ ವಿಶ್ರಾಂತಿಯ ಭಂಗಿ ಎಂದಾಗುತ್ತದೆ. ಉದಾಹರಣೆಗೆ ಜೋತುಬಿದ್ದ ತೋಳಿಗೂ ನೆಲದ ಮೇಲೆ ನಿಂತ ಕಾರಿನ ತೋಳಿಗೂ 15 ಡಿಗ್ರಿ ವ್ಯತ್ಯಾಸವಿದ್ದರೆ, ಕಾರನ್ನು ಕೆಳಗಿಳಿಸಿದ ಕ್ಷಣದಿಂದ ಆ ರಬ್ಬರು ಹಗಲೂ ರಾತ್ರಿ, ಗಾಡಿ ನಿಂತಿರುವಾಗಲೂ, 15 ಡಿಗ್ರಿ ತಿರುಚಿಕೊಂಡೇ ಇರುತ್ತದೆ; ತಗ್ಗಿನಲ್ಲಿ ಚಕ್ರ ಇನ್ನೂ 10 ಡಿಗ್ರಿಯಷ್ಟು ಮೇಲೆದ್ದರೆ ಒಟ್ಟು ತಿರುಚು 25ಕ್ಕೆ ಏರುತ್ತದೆ, ಸರಿಯಾಗಿ ಬಿಗಿದ ಬುಷ್ಷಿಗೆ ಅದೇ ತಗ್ಗಿನಲ್ಲಿ ಬರುವುದು ಆ 10 ಡಿಗ್ರಿ ಮಾತ್ರ. ಸದಾ ಹಿಗ್ಗಿ ನಿಂತ ರಬ್ಬರನ್ನು ಓಜೋನ್ ಬೇಗ ಕಡಿಯುತ್ತದೆ ಎಂಬುದನ್ನೂ ಇದಕ್ಕೆ ಸೇರಿಸಿಕೊಂಡರೆ, ವರ್ಷಗಟ್ಟಲೆ ಬಾಳಬೇಕಾದ ಬುಷ್ ಕೆಲವೇ ತಿಂಗಳಲ್ಲಿ ಸೀಳುವುದು ಆಶ್ಚರ್ಯವಲ್ಲ. ಅಂಥ ಸಂದರ್ಭದಲ್ಲಿ ಬಿಡಿಭಾಗವೇ ಕಳಪೆ ಎಂದು ಅಂಗಡಿಯವರ ಮೇಲೆ ಹರಿಹಾಯುವುದು ರೂಢಿ.

ಆದುದರಿಂದ ಎಲ್ಲ ಬೋಲ್ಟುಗಳನ್ನೂ ಮೊದಲು ಕೈಬಿಗಿಯಷ್ಟೇ ಹಾಕಿ, ಚಕ್ರ ಕೂರಿಸಿ, ಕಾರನ್ನು ಕೆಳಗಿಳಿಸಿ, ಮುಂಭಾಗವನ್ನು ಕೆಲವು ಸಲ ಒತ್ತಿ ಕುಣಿಸಿ, ಸಸ್ಪೆನ್ಷನ್ ತನ್ನ ಸಹಜ ಎತ್ತರಕ್ಕೆ ಬಂದು ನಿಂತ ಮೇಲಷ್ಟೇ ಬುಷ್ಷಿನ ಬೋಲ್ಟನ್ನು ಪೂರ್ತಿ ಬಿಗಿಯಬೇಕು. ನೆಲಕ್ಕಿಳಿದ ಕಾರಿನಡಿ ಕೈ ಹೋಗದಿದ್ದರೆ ನಾಲ್ಕೂ ಚಕ್ರಗಳನ್ನು ಒಂದೇ ಎತ್ತರದ ದಪ್ಪ ಹಲಗೆಗಳ ಮೇಲೆ ಹತ್ತಿಸಿ ನಿಲ್ಲಿಸಬಹುದು. ಅದೂ ಆಗದಿದ್ದರೆ ದೇಹವನ್ನು ಸ್ಟ್ಯಾಂಡಿನ ಮೇಲೆಯೇ ಇಟ್ಟು, ತೋಳಿನ ಹೊರ ತುದಿಯ ಕೆಳಗೆ ಜ್ಯಾಕ್ ಕೊಟ್ಟು, ಆ ಬದಿಯ ದೇಹ ಸ್ಟ್ಯಾಂಡಿನಿಂದ ಏಳಲು ಹವಣಿಸುವವರೆಗೆ ಎತ್ತಿದರೆ ತೋಳು ಹೆಚ್ಚುಕಡಿಮೆ ಭಾರ ಹೊತ್ತ ಕೋನಕ್ಕೆ ಬರುತ್ತದೆ. ಎಷ್ಟು ಬಿಗಿಯಬೇಕೆಂಬ ಅಂಕಿಯನ್ನು ಆಯಾ ಮಾದರಿಯ ಸರ್ವಿಸ್ ಪುಸ್ತಕದಲ್ಲಿ ಕೊಟ್ಟಿರುತ್ತಾರೆ, ಬಿಗಿಯ ಬಲವನ್ನು ಅಳೆದು ತೋರಿಸುವ ಟಾರ್ಕ್ ಪಾನಾ ಇದ್ದರೆ ಅಂದಾಜಿನ ಕೆಲಸವಿರುವುದಿಲ್ಲ. ಸಡಿಲ ಬಿಟ್ಟ ಬೋಲ್ಟಿನಿಂದ ಒಳ ಕೊಳವೆ ದೇಹದ ಕಿವಿಗಳ ನಡುವೆ ಜಾರತೊಡಗಿ ರಂಧ್ರವನ್ನೇ ಸವೆಸುತ್ತದೆ, ಅದನ್ನು ಸರಿಪಡಿಸಲು ವೆಲ್ಡಿಂಗ್ ಬೇಕಾಗುತ್ತದೆ.

ಓಮ್ನಿ, ಬೊಲೆರೊಗಳ ಹಿಂಭಾಗದ ಪಾಟಾ ಬುಷ್ಷುಗಳ ವಿಷಯ ಇಷ್ಟು ಸೂಕ್ಷ್ಮವಲ್ಲ. ಪಾಟಾದ ತುದಿಯ ಕಣ್ಣಿಗೆ ಎರಡೂ ಬದಿಯಿಂದ ತೂರಿಸುವ ಬಿಡಿ ರಬ್ಬರುಗಳಿರುವಲ್ಲಿ ಪ್ರೆಸ್ ಅಗತ್ಯವಿಲ್ಲ, ಪಾಟಾದ ಸೆಡೆತ ಇಳಿಯುವಂತೆ ದೇಹವನ್ನೂ ಆ್ಯಕ್ಸಲನ್ನೂ ಬೇರೆಬೇರೆಯಾಗಿ ಆಸರೆಗೊಳಿಸಿ, ಶ್ಯಾಕಲ್ ಎಂಬ ತೂಗುಕೊಂಡಿಯನ್ನು ಬಿಚ್ಚಿದರೆ ಅವು ಕೈಯಿಂದಲೇ ಬರುತ್ತವೆ. ಭಾರ ಹೊತ್ತ ಮೇಲೆ ಬಿಗಿಯುವ ನಿಯಮ ಮಾತ್ರ ಇಲ್ಲಿಯೂ ಅದೇ.

ರಬ್ಬರಿನ ಬದಲು ಪಾಲಿಯುರೆಥೇನ್ ಎಂಬ ಕೃತಕ ವಸ್ತುವಿನ, ಬಣ್ಣಬಣ್ಣದ ಬುಷ್ಷುಗಳೂ ಈಗ ಕೆಲವು ಮಾದರಿಗಳಿಗೆ ದೊರೆಯುತ್ತವೆ. ಅವು ಎಣ್ಣೆಗೆ ಬೇಗ ಬಗ್ಗುವುದಿಲ್ಲ, ಹೆಚ್ಚು ಕಾಲ ಬಾಳುತ್ತವೆ, ತಿರುವಿನಲ್ಲಿ ಕಾರನ್ನು ಬಿಗಿಯಾಗಿ ಹಿಡಿಯುತ್ತವೆ. ಆದರೆ ಅವುಗಳಲ್ಲಿ ಬಹಳಷ್ಟು ಅಂಟಿಸಿದವಲ್ಲ, ಒಳ ಕೊಳವೆಯ ಮೇಲೆ ನಿಜವಾಗಿಯೂ ತಿರುಗುವಂಥವು, ಆದುದರಿಂದ ಅವಕ್ಕೆಂದೇ ಕೊಡುವ ಜಿಡ್ಡು ಬೇಕು, ಅದು ಒಣಗಿ ಧೂಳು ಸೇರಿದರೆ ಕಿರುಗುಟ್ಟುತ್ತವೆ. ರೇಸಿನ ಕಾರಿಗೆ ಒಪ್ಪುವ ಆ ಬಿಗಿತ ಚಿತ್ತಾಪುರ–ವಾಡಿಯಂಥ ದಾರಿಯ ಪೆಟ್ಟನ್ನೆಲ್ಲ ನೇರವಾಗಿ ಹಳೆಯ ಕಾರಿನ ತೆಳು ತಗಡಿಗೆ ದಾಟಿಸುತ್ತದೆ. ಧೂಳು, ತಗ್ಗು ಎರಡೂ ಇರುವ ಈ ಸೀಮೆಗೆ ಒಳ್ಳೆಯ ರಬ್ಬರೇ ಸಾಕು.

ತೋಳು ಕಳಚಿ ಜೋಡಿಸಿದ ಮೇಲೆ ಚಕ್ರಗಳ ಕೋನ ತುಸುವಾದರೂ ಬದಲಾಗಿರುತ್ತದೆ. ಮುಂದಿನ ಚಕ್ರಗಳು ಮೇಲಿನಿಂದ ನೋಡಿದಾಗ ಒಳಕ್ಕೋ ಹೊರಕ್ಕೋ ಮುಖ ಮಾಡಿರುವ ಪ್ರಮಾಣಕ್ಕೆ ಟೋ ಎನ್ನುತ್ತಾರೆ, ಅದು ಕೆಲವೇ ಮಿಲಿಮೀಟರ್ ತಪ್ಪಿದರೂ ಟೈರು ಉಜ್ಜಿಕೊಂಡು ಸವೆಯುವುದರಿಂದ ಕೆಲಸ ಮುಗಿದ ಕೆಲವು ದಿನಗಳಲ್ಲಿ ಅಲೈನ್‌ಮೆಂಟ್ ಮಾಡಿಸುವುದು ಅವಶ್ಯ. ಕೆಲವು ನೂರು ಕಿಲೋಮೀಟರ್ ಓಡಿದ ನಂತರ ಎಲ್ಲ ನಟ್ಟುಗಳ ಬಿಗಿಯನ್ನು, ಕಾರು ನೆಲದ ಮೇಲಿರುವಾಗಲೇ, ಮತ್ತೊಮ್ಮೆ ನೋಡಬೇಕು. ಇಷ್ಟಾದ ಮೇಲೂ ಧಡ್ ಎಂಬ ಸದ್ದು ಉಳಿದರೆ ಬಾನೆಟ್ ತೆರೆದು, ಒಬ್ಬರು ನಿಂತ ಕಾರಿನ ಸ್ಟೇರಿಂಗನ್ನು ಎಡಬಲಕ್ಕೆ ತಿರುಗಿಸುವಾಗ ಇನ್ನೊಬ್ಬರು ಸ್ಪ್ರಿಂಗ್ ಕಂಬದ ಮೇಲ್ತುದಿಯ ರಬ್ಬರಿನ ಮೇಲೆ ಬೆರಳಿಟ್ಟು ನೋಡುವುದು ಮುಂದಿನ ಹೆಜ್ಜೆ: ಕಂಬದ ತಲೆ ಜರಕ್ಕೆಂದು ಎಗರಿದರೆ ಅಲ್ಲಿನ ಮೌಂಟ್ ಮತ್ತು ಅದರ ಬೇರಿಂಗ್ ಹೋಗಿದೆ, ಆ ಕೆಲಸಕ್ಕೆ ಸ್ಪ್ರಿಂಗನ್ನು ಅಮುಕಿ ಹಿಡಿಯುವ ಉಪಕರಣ ಬೇಕಾಗುವುದರಿಂದ ಅದನ್ನು ಗ್ಯಾರೇಜಿಗೇ ಬಿಡಬೇಕು.